ಬಿಲ್ಲು ಕೊಟ್ಟವನೇ ತಂದೆ: ಇವನಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಕಾದಂಬರಿಯೊಂದಕ್ಕೆ ಕಲ್ಪಿಸಿದ ಬೆಟ್ಟದ ಬುಡಕಟ್ಟು. ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ. ಮೇಲು, ಕೀಳು ಎಂದು ಎರಡು ಪಂಗಡ. ಅವುಗಳ ನಡುವೆ ಮದುವೆ ನಿಷಿದ್ಧ, ಆದರೆ ಗಂಡಂದಿರು ಒಪ್ಪಿದ, ಬಹಿರಂಗವಾದ ಹೆಣ್ಣುಗಂಡಿನ ಕೂಟ ಉಂಟು. ಆ ಕೂಟಕ್ಕೆ, ಹಾಗೂ ಶಾಸ್ತ್ರ ನಡೆಸಿ ತಂದೆಯಾಗುವವನಿಗೆ ಯಾವ ಪದ? ‘ಹಾದರ’, ‘ಮಲತಂದೆ’ ಒಗ್ಗುತ್ತಿಲ್ಲ.

ಉತ್ತರ 1: ಒಗ್ಗುವುದೂ ಇಲ್ಲ. ಹಾದರದಲ್ಲಿ ಕಳ್ಳತನದ ವಾಸನೆಯಿದೆ. ಮಲತಂದೆ ಬರಬೇಕಾದರೆ ಮೊದಲೊಬ್ಬ ತಂದೆ ಇದ್ದಿರಬೇಕು. ನಿಮ್ಮ ಏರ್ಪಾಡಿಗೆ ನೀಲಗಿರಿಯ ತೋಡ ಬುಡಕಟ್ಟಿನವರ ಹಳೆಯ ಪದ್ಧತಿ ತೀರ ಹತ್ತಿರ. 1901–02ರಲ್ಲಿ ಅಲ್ಲಿದ್ದು ಅಧ್ಯಯನ ಮಾಡಿದ ಇಂಗ್ಲಿಷ್ ಮಾನವಶಾಸ್ತ್ರಜ್ಞ ರಿವರ್ಸ್ ಅದನ್ನು ವಿವರವಾಗಿ ದಾಖಲಿಸಿದ್ದಾರೆ. ಬಸಿರಿಗೆ ಸುಮಾರು ಏಳು ತಿಂಗಳಾದಾಗ ಮರದ ಬೊಡ್ಡೆಯಲ್ಲಿ ಮುಕ್ಕೋನದ ಗೂಡು ಕೊರೆದು ದೀಪವಿಡುತ್ತಿದ್ದರು. ಗಂಡಂದಿರಲ್ಲಿ ಒಬ್ಬ, ಸಾಮಾನ್ಯವಾಗಿ ಹಿರಿಯವ, ಕಡ್ಡಿಯ ಬಿಲ್ಲು, ಹುಲ್ಲಿನ ಬಾಣ ಮಾಡಿ ಅವಳ ಕೈಗೆ ಕೊಡುತ್ತಿದ್ದ. ಅವನೇ ತಂದೆ. ಮುಂದೆ ಬೇರೊಬ್ಬ ಬಿಲ್ಲು ಕೊಡುವ ತನಕ ಹುಟ್ಟುವ ಮಕ್ಕಳೂ ಅವನವೇ, ಅವನು ಸತ್ತಿದ್ದರೂ.

ಬೀಜ ಯಾರದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹೀಗಾಗಿ ಹುಟ್ಟಿಸಿದವನಿಗೆ ‘ಜನಕ’ ಇರಲಿ, ಶಾಸ್ತ್ರದ ತಂದೆಗೆ ‘ಬಿಲ್ದಂದೆ’ ಎಂದು ಹೊಸದಾಗಿ ಕಟ್ಟಬಹುದು. ಧರ್ಮಶಾಸ್ತ್ರದ ಬೀಜಿ (ಬೀಜದ ಒಡೆಯ)–ಕ್ಷೇತ್ರಿ (ಹೊಲದ ಒಡೆಯ, ಎಂದರೆ ಗಂಡ) ಜೋಡಿ ಬೇಡ: ಅದು ಹೆಣ್ಣನ್ನು ಹೊಲವಾಗಿಸುತ್ತದೆ, ಜೊತೆಗೆ ನಿಯೋಗದ, ಅಂದರೆ ಗಂಡನ ಪರವಾಗಿ ಬೇರೊಬ್ಬನಿಂದ ಮಗು ಪಡೆಯುವ ಪದ್ಧತಿಯ, ನೆನಪು ತರುತ್ತದೆ.

ಉತ್ತರ 2: ‘ಬಿಲ್ದಂದೆ’ ನಿರೂಪಣೆಗೆ ಸೈ, ಮಾತುಕತೆಗೆ ಭಾರ. ಅಲ್ಲಿ ‘ಅವ್ವನಿಗೆ ಬಿಲ್ಲು ಕೊಟ್ಟ ಅಪ್ಪ’ ಎಂದೇ ಬರಲಿ. ಇನ್ನೊಂದು ಎಡವುವ ಜಾಗ: ಮಗುವಿನ ಬಾಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಬಂದರೆ ಅವರು ತಾಯಿಯ ಗಂಡಂದಿರಲ್ಲ ಎಂದು ಓದುಗ ತೀರ್ಮಾನಿಸಿಬಿಡುತ್ತಾನೆ. ಎಲ್ಲರೂ ‘ಅಪ್ಪ’ನೇ, ಗುರುತಿಗೆ ಹೆಸರು ಸೇರಿಸಿ. ಅದೇ ಕಾರಣಕ್ಕೆ ಹೆಂಡತಿಯ ಬಾಯಿಗೆ ‘ಮೈದುನ’ ಕೊಡಬೇಡಿ.

ಪಂಗಡದಾಚೆಯ ಕೂಟಕ್ಕೆ ‘ಗೆಣೆ’, ‘ಗೆಣೆಗಾರ’ ನೋಡಿ. ಹಳಗನ್ನಡದ ‘ಗೆಣೆಯ’ನಲ್ಲಿ ಗೆಳೆಯನೂ ನಲ್ಲನೂ ಇದ್ದಾರೆ. ‘ಮಿಂಡ’ ಈಗ ಬರೀ ಬೈಗುಳ. ‘ಕೂಡಿಕೆ’ ಹಲವು ಸಮುದಾಯಗಳಲ್ಲಿ ವಿಧವೆಯ ಮರುಮದುವೆ, ಆದ್ದರಿಂದ ಗೊಂದಲ. ‘ಇಟ್ಟುಕೊಂಡಿದ್ದಾನೆ’ ಎಂದರಂತೂ ಗಂಡಿನದೇ ಯಜಮಾನಿಕೆ.

ಉತ್ತರ 1: ಗೆಣೆ ಒಪ್ಪಿಗೆ. ‘ಮೇಲು–ಕೀಳು’ ಮಾತ್ರ ಅಷ್ಟು ನೇರ ಬೇಡ. ತೋಡರಲ್ಲಿ ತಾರ್ಥರ್ ಪಂಗಡ ಮೇಲು, ಅತಿ ಪವಿತ್ರವಾದ ಹಾಲುಮನೆಗಳೂ (ಎಮ್ಮೆಯ ಹಾಲು ಕಡೆಯುವ ಗುಡಿಗಳು) ಅವರವೇ ಆಗಿದ್ದವು. ಆದರೆ ಅಲ್ಲಿ ಪೂಜಾರಿಯಾಗಬೇಕಾದವನು ಇನ್ನೊಂದು ಪಂಗಡವಾದ ತೇಯ್ವಲಿಯವನಾಗಿದ್ದ. ಇವೆರಡರ ನಡುವೆ ಮದುವೆಯಿಲ್ಲದಿದ್ದರೂ ಗೆಣೆ ಎರಡೂ ದಿಕ್ಕಿಗೆ ನಡೆಯುತ್ತಿತ್ತು, ಮಗು ಮಾತ್ರ ಬಿಲ್ಲು ಕೊಟ್ಟ ಗಂಡನ ಪಂಗಡಕ್ಕೆ. ‘ಹಿರಿಪಂಗಡ, ಕಿರಿಪಂಗಡ’ ಎಂದರೆ ಸಾಕು.