ಆಟಂ ಎನ್270, 1 ಜಿಬಿ ರ‍್ಯಾಮ್ ಇರುವ ಹಳೇ ನೆಟ್‌ಬುಕ್: ಲಿನಕ್ಸ್ ಬೂಟೇ ಆಗುತ್ತಿಲ್ಲ, ಅಪ್ಪನಿಗೆ ಕನ್ನಡ ಟೈಪ್ ಮಾಡಲು ಬೇಕು

ಮಲೆನಾಡ ಮಳೆ:
ಎಲ್ಲರಿಗೂ ನಮಸ್ಕಾರ. ಅಟ್ಟ ಕ್ಲೀನ್ ಮಾಡುವಾಗ ನನ್ನ ಕಾಲೇಜು ದಿನಗಳ 10 ಇಂಚಿನ ನೆಟ್‌ಬುಕ್ ಸಿಕ್ಕಿತು. 2009ರಲ್ಲಿ ತೆಗೆದುಕೊಂಡಿದ್ದು. ಇಂಟೆಲ್ ಆಟಂ ಎನ್270, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್‌ಡಿಸ್ಕ್. ಬ್ಯಾಟರಿ ಸತ್ತಿದೆ, ಚಾರ್ಜರ್ ತೆಗೆದ ತಕ್ಷಣ ಆಫ್. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿ ಮಾತ್ರ ಇನ್ನೂ ಆನ್ ಆಗುತ್ತದೆ.

ಅಪ್ಪ ರಿಟೈರ್ಡ್ ಮೇಷ್ಟ್ರು. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಕೈ ಪಳಗಿದೆ, ಮೊಬೈಲಲ್ಲಿ ಬರೆಯಲು ಕೊಟ್ಟರೆ ಸಿಟ್ಟು ಬರುತ್ತದೆ. ಊರಿನ ಶಾಲೆಯ ಹಳೇ ಕಥೆಗಳನ್ನೆಲ್ಲ ಬರೆದಿಡಬೇಕು ಅಂತ ಆಸೆ. ಅದಕ್ಕೆ ಇದು ಸಾಕಲ್ವಾ ಅಂತ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಂ) ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ. ಕಪ್ಪು ಪರದೆಯಲ್ಲಿ 'ದಿಸ್ ಕರ್ನಲ್ ರಿಕ್ವೈರ್ಸ್ ಆನ್ ಎಕ್ಸ್86-64 ಸಿಪಿಯು' ಅಂತ ಬಂದು ನಿಂತುಬಿಡುತ್ತದೆ. ಪೆನ್‌ಡ್ರೈವ್ ಬದಲಿಸಿದೆ. ಮತ್ತೆ ಡೌನ್‌ಲೋಡ್ ಮಾಡಿದೆ, ನಮ್ಮೂರ ನೆಟ್‌ನಲ್ಲಿ ಅದಕ್ಕೇ ಒಂದು ರಾತ್ರಿ ಹೋಯಿತು. ಅದೇ ಸಾಲು. ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ ಅಂದರು. ಹೌದಾ?

ಟರ್ಮಿನಲ್ ತಿಮ್ಮ:
ಮದರ್‌ಬೋರ್ಡ್ ಹೋಗಿದ್ದರೆ ಆ ಸಾಲು ಪರದೆ ಮೇಲೆ ಬರುತ್ತಲೇ ಇರಲಿಲ್ಲ. ಮಿಷನ್ ಚೆನ್ನಾಗಿದೆ, ನೀವು ಹಾಕಿದ್ದು ಅದಕ್ಕೆ ಹೊಂದುವುದಿಲ್ಲ, ಅಷ್ಟೇ. ಆ ಸಾಲಿನ ಎಕ್ಸ್86-64 ಅಂದರೆ 64 ಬಿಟ್, ಎನ್270 ಬರೀ 32 ಬಿಟ್ ಪ್ರೊಸೆಸರ್. ಆಮೇಲೆ ಬಂದ ಎನ್450, ಎನ್455 ಆಗಿದ್ದರೆ 64 ಬಿಟ್ ಓಡುತ್ತಿತ್ತು. ಈಗಿನ ಮಿಂಟ್, ಉಬುಂಟು ಎಲ್ಲ 64 ಬಿಟ್‌ಗೆ ಮಾತ್ರ. ಉಬುಂಟುವಿಗೆ ಮೂಲವಾದ ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು.

ನಿಮಗೆ ಹೊಂದುವುದು ಡೆಬಿಯನ್ 12, ಅಥವಾ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23. ನಾನಾದರೆ ಆಂಟಿಎಕ್ಸ್ ಹಾಕುತ್ತೇನೆ. ಬೂಟ್ ಆಗಿ ಸುಮ್ನೆ ಕೂತಾಗ ಸುಮಾರು 200 ಎಂಬಿ ರ‍್ಯಾಮ್ ತಿನ್ನುತ್ತದೆ, ಉಳಿದದ್ದು ನಿಮ್ಮ ಕೆಲಸಕ್ಕೆ. ಡೌನ್‌ಲೋಡ್ ಮಾಡುವಾಗ ಫೈಲಿನ ಹೆಸರಲ್ಲಿ 386 ಇದೆಯಾ ನೋಡಿ, ಎಕ್ಸ್64 ಅಂತ ಇದ್ದರೆ ಮತ್ತೆ ಒಂದು ರಾತ್ರಿ ದಂಡ. ಡೆಬಿಯನ್ 12ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2028ರ ಜೂನ್‌ವರೆಗೆ ಇದೆ, ಅಲ್ಲಿಯವರೆಗೆ ಚಿಂತೆ ಇಲ್ಲ.

ಇನ್ನೊಂದು. ಈ ಕಾಲದ ನೆಟ್‌ಬುಕ್‌ಗಳಲ್ಲಿ ಬಯಾಸ್ (ಆನ್ ಆದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಎಷ್ಟೋ ಸಲ ಪೆನ್‌ಡ್ರೈವನ್ನು ಹಾರ್ಡ್‌ಡಿಸ್ಕ್ ಪಟ್ಟಿಯ ಒಳಗೆ ಬಚ್ಚಿಡುತ್ತದೆ. ಬೂಟ್ ಪಟ್ಟಿಯಲ್ಲಿ ಯುಎಸ್‌ಬಿ ಕಾಣದಿದ್ದರೆ ಅಲ್ಲಿ ಹುಡುಕಿ.

ಬೀದರ್ ಬೈಟ್:
ತಿಮ್ಮಣ್ಣ ಹೇಳಿದ್ದು ಸರಿ, ಆದರೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಸರ್. ಇದರಲ್ಲಿ ಯೂಟ್ಯೂಬ್, ಬ್ಯಾಂಕ್ ಸೈಟ್ ನೋಡುತ್ತೇನೆ ಅಂದರೆ ತಲೆನೋವು. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು, ಫೈರ್‌ಫಾಕ್ಸ್ ಕೂಡ 144ಕ್ಕೆ ನಿಲ್ಲಿಸಿದೆ, ಅದರ ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ ಇಎಸ್‌ಆರ್ 140 ಇನ್ನು ಸ್ವಲ್ಪ ದಿನ ಎಳೆಯುತ್ತದೆ. ಬರೀ ಟೈಪಿಂಗ್ ಅಂದರೆ ಓಕೆ. ಡಿಡಿಆರ್2 2 ಜಿಬಿ ರ‍್ಯಾಮ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಾಕಿ, ಈ ಚಿಪ್‌ಸೆಟ್‌ಗೆ 2 ಜಿಬಿಗಿಂತ ಮೇಲೆ ಹತ್ತುವುದಿಲ್ಲ, 4 ಜಿಬಿ ಕೊಡುತ್ತೇವೆ ಅಂದರೂ ತೆಗೆದುಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ದುಡ್ಡು ಹಾಕುವಂತಿದ್ದರೆ ಒಂದು ಹಳೇ 64 ಬಿಟ್ ಲ್ಯಾಪ್‌ಟಾಪ್ ತೆಗೆದುಕೊಳ್ಳುವುದೇ ಮೇಲು.

ಮಲೆನಾಡ ಮಳೆ:
ಬೂಟ್ ಆಯಿತು ಮಾರಾಯ್ರೆ! ಥ್ಯಾಂಕ್ಸ್. ಪೆನ್‌ಡ್ರೈವ್ ಹಾರ್ಡ್‌ಡಿಸ್ಕ್ ಪಟ್ಟಿಯಲ್ಲೇ ಅಡಗಿ ಕೂತಿತ್ತು. ಇನ್‌ಸ್ಟಾಲ್ ಮಾಡುವಾಗ ಕಿಟಕಿಯ ಕೆಳಭಾಗ ಪರದೆಯಿಂದ ಆಚೆ ಹೋಗಿ ನೆಕ್ಸ್ಟ್ ಬಟನ್ನೇ ಕಾಣಲಿಲ್ಲ, ಟ್ಯಾಬ್ ಒತ್ತಿ ಒತ್ತಿ ಅಂದಾಜಿನಲ್ಲಿ ಎಂಟರ್ ಹೊಡೆದೆ. ಹೇಗೋ ಮುಗಿಯಿತು.

ಈಗ ಹೊಸ ರಗಳೆ. ವೈಫೈ ಸಿಗುತ್ತದೆ, ಆದರೆ ಫೈರ್‌ಫಾಕ್ಸಲ್ಲಿ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಅನ್ನುತ್ತದೆ. ಸಾಫ್ಟ್‌ವೇರ್ ಇಳಿಸುವ ಆಪ್ಟ್ ಕಮಾಂಡಿಗೆ ಅಪ್‌ಡೇಟ್ ಕೊಟ್ಟರೆ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುವ ಅರ್ಥದ ಎರರ್. ಪ್ರತಿ ಸಲ ಬೂಟ್ ಆಗುವಾಗ ಡಿಸ್ಕ್ ಕೊನೆಯದಾಗಿ ಮೌಂಟ್ ಆದದ್ದು (ಬಳಕೆಗೆ ತೆರೆದದ್ದು) ಮುಂದಿನ ಕಾಲದಲ್ಲಿ ಅಂತ ತಕರಾರು ಬೇರೆ. ನಿನ್ನೆಯಿಂದ ಎರಡು ಸಲ ರೀಇನ್‌ಸ್ಟಾಲ್ ಮಾಡಿದೆ. ಹಾರ್ಡ್‌ಡಿಸ್ಕ್ ಕೆಟ್ಟಿದೆಯಾ?

ಹಳೇ ಕಬ್ಬಿಣ:
ರೀಇನ್‌ಸ್ಟಾಲ್ ನಿಲ್ಲಿಸಿ. ಕೆಳಗಿನ ಮೂಲೆಯಲ್ಲಿ ಗಡಿಯಾರ ನೋಡಿ, ಯಾವ ಇಸವಿ ತೋರಿಸುತ್ತದೆ?

ಮಲೆನಾಡ ಮಳೆ:
ಅಯ್ಯೋ. 2008, ಜನವರಿ 1.

ಹಳೇ ಕಬ್ಬಿಣ:
ಅಷ್ಟೇ. ಮೂರೂ ರಗಳೆಗೆ ಒಂದೇ ಕಾರಣ. ಬೋರ್ಡ್ ಮೇಲೆ ಬಯಾಸ್‌ಗೆ ಅಂತ ಒಂದು ಗುಂಡು ಸೆಲ್ ಇರುತ್ತದೆ, ಅಟ್ಟದಲ್ಲಿ ಇಷ್ಟು ವರ್ಷ ಕೂತು ಅದು ಸತ್ತಿದೆ. ದೊಡ್ಡ ಬ್ಯಾಟರಿಯೂ ಇಲ್ಲ ಅಂದಿರಿ, ಹಾಗಾಗಿ ಚಾರ್ಜರ್ ಕಿತ್ತ ಕೂಡಲೇ ಮಿಷನ್‌ಗೆ ಕಾಲವೇ ಮರೆತುಹೋಗುತ್ತದೆ. ಸೈಟಿನ ಗುರುತು ಖಾತ್ರಿ ಮಾಡುವ ಸರ್ಟಿಫಿಕೇಟ್ ಈ ವರ್ಷದ್ದು, ನಿಮ್ಮ ಮಿಷನ್ 2008ರಲ್ಲಿದೆ, ಹಾಗಾಗಿ ಅದು ನಂಬುವುದಿಲ್ಲ. ಆಪ್ಟ್‌ದೂ ಅದೇ ಕಥೆ.

ಮೊದಲು ರೂಟ್ (ಅಡ್ಮಿನ್) ಆಗಿ ತಾರೀಖು ಕೈಯಲ್ಲೇ ಸರಿ ಮಾಡಿ. ಆಮೇಲೆ ಆಪ್ಟ್‌ನಿಂದ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಅನ್ನುವ ಪ್ಯಾಕೇಜ್ ಹಾಕಿ. ಅದು ಗಂಟೆಗೊಮ್ಮೆ ಮತ್ತು ಶಟ್‌ಡೌನ್ ಆಗುವಾಗ ಸಮಯವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಬೂಟ್‌ನಲ್ಲಿ ಅಲ್ಲಿಂದ ಶುರು ಮಾಡುತ್ತದೆ. ಕರೆಂಟ್ ಹೋಗಿ ದಿಢೀರ್ ಆಫ್ ಆದರೂ 2008ಕ್ಕೆ ವಾಪಸ್ ಹೋಗುವುದಿಲ್ಲ.

ಸೆಲ್ ಬದಲಿಸುವುದಾದರೆ ಒಂದು ಎಚ್ಚರಿಕೆ. ನಾನು ಬಿಚ್ಚಿದ ಇಂಥ ಮಿಷನ್‌ಗಳಲ್ಲಿ ಸೆಲ್‌ಗೆ ಪ್ಲಾಸ್ಟಿಕ್ ಸುತ್ತಿ ಎರಡು ಪುಟಾಣಿ ವೈರ್ ಬೆಸುಗೆ ಹಾಕಿರುತ್ತಾರೆ, ಹಾಗಾಗಿ ವೈರ್ ಸಮೇತ ಇರುವ ಸೆಲ್ಲೇ ಕೇಳಿ. ಕೀಬೋರ್ಡ್ ಎತ್ತಿದರೆ ಅಡಿಯಲ್ಲಿ ಪಟ್ಟಿಯಂಥ ತೆಳು ಕೇಬಲ್ ಇರುತ್ತದೆ. ಎಳೆಯಬೇಡಿ. ಅದರ ಕನೆಕ್ಟರಿನಲ್ಲಿ ಉಗುರಿನಷ್ಟು ಸಣ್ಣ ಲಾಕ್ ಇದೆ, ಮೊದಲು ಅದನ್ನು ಬಿಡಿಸಿ. ನಾನು ಒಂದು ಸಲ ಎಳೆದು, ಆಮೇಲೆ ಹೊಸ ಕೀಬೋರ್ಡಿಗೆ ದುಡ್ಡು ಸುರಿದಿದ್ದೇನೆ.

ಕಾಣದ ಬಟನ್‌ಗೆ: ಆಲ್ಟ್ ಒತ್ತಿ ಹಿಡಿದು, ಕಿಟಕಿಯ ಮೇಲೆ ಎಲ್ಲಾದರೂ ಮೌಸ್ ಒತ್ತಿ ಮೇಲಕ್ಕೆ ಎಳೆಯಿರಿ. 600 ಪಿಕ್ಸೆಲ್ ಎತ್ತರದ ಪರದೆಗೆ ಇದೇ ಮದ್ದು.

ಟರ್ಮಿನಲ್ ತಿಮ್ಮ:
ಗಡಿಯಾರ ನನಗೆ ಹೊಳೆಯಲೇ ಇಲ್ಲ ನೋಡಿ. ಇನ್ನು ಕನ್ನಡಕ್ಕೆ: ಆಪ್ಟ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು ಫಾಂಟ್ ಬರುತ್ತವೆ, ಅಕ್ಷರದ ಬದಲು ಡಬ್ಬಿ ಡಬ್ಬಿ ಕಾಣುವುದು ನಿಲ್ಲುತ್ತದೆ. ಟೈಪಿಂಗ್‌ಗೆ ಐಬಸ್-ಎಂ17ಎನ್ ಹಾಕಿ, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಆರಿಸಿ. ನುಡಿಯಲ್ಲಿ ಇರುವ ವಿನ್ಯಾಸವೇ ಅದು, ಕೆ.ಪಿ. ರಾವ್ ಅವರದ್ದು. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ನಿಮ್ಮ ತಂದೆಯವರ ಬೆರಳಿಗೇ ಗೊತ್ತಿರುತ್ತದೆ. ಐಬಸ್ ಡೀಮನ್ನನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸ್ಟಾರ್ಟಪ್ ಫೈಲಿಗೆ ಸೇರಿಸಿ, ಇಲ್ಲದಿದ್ದರೆ ನಾಳೆ ಆನ್ ಮಾಡಿದಾಗ ಬರೀ ಇಂಗ್ಲಿಷ್ ಬರುತ್ತದೆ, ಅವರು ನಿಮ್ಮನ್ನು ಬೈಯುತ್ತಾರೆ.

ಅವರ ಹತ್ತಿರ ಹಳೇ ನುಡಿ ಫೈಲುಗಳಿದ್ದರೆ ಅವು ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ) ಆಗಿರಲಿಕ್ಕಿಲ್ಲ. ತೆರೆದರೆ ಏನೇನೋ ಇಂಗ್ಲಿಷ್ ಗುರುತು ಕಾಣುತ್ತವೆ. ಗಾಬರಿ ಬೇಡ, ಎಕ್ಸ್‌ಪಿಯಲ್ಲಿದ್ದ ಆ ನುಡಿ ಫಾಂಟುಗಳನ್ನು ಕಾಪಿ ಮಾಡಿಕೊಂಡು ಹೋಮ್ ಫೋಲ್ಡರಿನ ಡಾಟ್ ಫಾಂಟ್ಸ್ (ಅಡಗಿರುವ ಫೋಲ್ಡರ್) ಒಳಗೆ ಹಾಕಿ, ಓದಲು ಬರುತ್ತದೆ. ಎಕ್ಸ್‌ಪಿ ಅಳಿಸುವ ಮೊದಲೇ ಹೇಳಬೇಕಿತ್ತು.

ಮಲೆನಾಡ ಮಳೆ:
ಅಳಿಸಿಬಿಟ್ಟಿದ್ದೆ, ಆದರೆ ಅಪ್ಪ ಫಾಂಟುಗಳನ್ನೂ ಫೈಲುಗಳನ್ನೂ ಒಂದು ಸಿಡಿಗೆ ಬರೆಸಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ 'ನುಡಿ, ಮುಟ್ಟಬೇಡಿ' ಅಂತ ಬರೆದು ಬೀರುವಿನಲ್ಲಿ ಇಟ್ಟಿದ್ದರು. ಪಕ್ಕದ ಮನೆಯ ಡೆಸ್ಕ್‌ಟಾಪ್‌ನಲ್ಲಿ ಹಾಕಿ ಪೆನ್‌ಡ್ರೈವ್‌ಗೆ ತೆಗೆದುಕೊಂಡೆ.

ತಾರೀಖು ಸರಿ ಮಾಡಿದ ಕೂಡಲೇ ಎಲ್ಲ ಸೈಟೂ ತೆರೆಯಿತು, ಆಪ್ಟ್ ಕೂಡ ಮಾತು ಕೇಳಿತು. ಲಿಬ್ರೆ ಆಫೀಸ್ ರೈಟರ್ ತೆರೆಯಲು ಅರ್ಧ ನಿಮಿಷ ಬೇಕು, ಆಮೇಲೆ ಪರವಾಗಿಲ್ಲ. ಅಪ್ಪ ಒಂದೂವರೆ ಪುಟ ಬರೆದರು. ಅಕ್ಷರ ಚಿಕ್ಕದು ಅಂದರು, 150 ಪರ್ಸೆಂಟ್ ಜೂಮ್ ಮಾಡಿಕೊಟ್ಟೆ. ಈ ಕೀಬೋರ್ಡಿನಲ್ಲಿ ಎರಡು ಕೀ ಒಟ್ಟಿಗೆ ಒತ್ತಿಹೋಗುತ್ತವೆ ಅಂತ ಗೊಣಗುತ್ತಿದ್ದಾರೆ, ನಾಳೆ ಪೇಟೆಗೆ ಹೋದಾಗ ಯುಎಸ್‌ಬಿ ಕೀಬೋರ್ಡ್ ಒಂದು ತರುತ್ತೇನೆ. ಸೆಲ್ ಸದ್ಯಕ್ಕೆ ಬೇಡ, ಆ ಸಣ್ಣ ಲಾಕ್ ಕಥೆ ಓದಿ ಕೈ ಹಾಕಲು ಧೈರ್ಯ ಬರಲಿಲ್ಲ.