ಅಪ್‌ಡೇಟ್: ಭತ್ತದ ತೂಕದ ಆ್ಯಪ್‌ನಲ್ಲಿ ಸಿಂಕ್ ಗೊಂದಲ ಬಗೆಹರಿದ ಬಗೆ

ಗಂಗಾವತಿ ಸುತ್ತಲಿನ ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಭತ್ತದ ತೂಕ ದಾಖಲಿಸುವ ನಮ್ಮ ಆ್ಯಪ್‌ನಲ್ಲಿ, ಒಂದೇ ಲಾಟಿನ ದಾಖಲೆಯನ್ನು ಇಬ್ಬರು ತಿದ್ದಿದಾಗ, ನೆಟ್‌ವರ್ಕ್ ಸಿಕ್ಕು ಅವು ಸರ್ವರ್‌ಗೆ ಸೇರುವ ಹೊತ್ತಿಗೆ (ಇದೇ ಸಿಂಕ್) ಒಬ್ಬರ ತಿದ್ದುಪಡಿ ಸದ್ದಿಲ್ಲದೆ ಮಾಯವಾಗುತ್ತಿದೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

‘ಕೊನೆಗೆ ಬರೆದದ್ದೇ ಅಂತಿಮ’ ಎಂಬ ನಿಯಮವನ್ನು ನಾನು ಫೋನಿನ ಗಡಿಯಾರದ ಮೇಲೆ ನಿಲ್ಲಿಸಿದ್ದೇ ತಪ್ಪಾಗಿತ್ತು. ಕಾರಟಗಿ ಕಡೆಯ ಒಂದು ಫೋನಿನ ಸಮಯ 11 ನಿಮಿಷ ಮುಂದಿದ್ದುದರಿಂದ, ಅದರಲ್ಲಿ ನಿಜವಾಗಿ 10:02ಕ್ಕೆ ಬರೆದ (ಆ ಫೋನಿನ ಪ್ರಕಾರ 10:13) 42 ಚೀಲದ ಲೆಕ್ಕವು ಇನ್ನೊಬ್ಬರು 10:09ಕ್ಕೆ ತಿದ್ದಿದ 45 ಚೀಲದ ಲೆಕ್ಕವನ್ನು ನುಂಗಿಹಾಕಿತ್ತು.

ಈಗ ಪ್ರತಿ ದಾಖಲೆಗೂ ಸರ್ವರ್ ಆವೃತ್ತಿ ಸಂಖ್ಯೆ ಕೊಡುತ್ತದೆ. ಫೋನ್ ತಾನು ಓದಿದ್ದ ಸಂಖ್ಯೆಯನ್ನು ಜೊತೆಗೆ ಕಳುಹಿಸುತ್ತದೆ, ಅದು ಸರ್ವರ್‌ನಲ್ಲಿ ಈಗಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಸರ್ವರ್ ನೇರವಾಗಿ ಬರೆಯಲು ಒಪ್ಪುವುದಿಲ್ಲ. ಆಗ ಇಬ್ಬರೂ ಬೇರೆ ಬೇರೆ ಕಾಲಂ ತಿದ್ದಿದ್ದರೆ ಅವು ತಾವಾಗಿಯೇ ಸೇರಿಕೊಳ್ಳುತ್ತವೆ. ಚೀಲಗಳ ವಿಷಯದಲ್ಲಿ ಒಟ್ಟು ಮೊತ್ತವನ್ನು ಕಳುಹಿಸುವುದನ್ನೇ ಬಿಟ್ಟು, ‘3 ಚೀಲ ಸೇರಿಸಿ’ ಎಂಬ ನಮೂದನ್ನು ಪ್ರತ್ಯೇಕ ಯುಯುಐಡಿಯೊಂದಿಗೆ (ಬೇರೆ ಯಾವ ನಮೂದಿಗೂ ಬಾರದ ಗುರುತಿನ ಸಂಖ್ಯೆ) ಕಳುಹಿಸುತ್ತಿದ್ದೇವೆ. ಸಿಗ್ನಲ್ ಕಡಿದು ಅದೇ ನಮೂದು ಎರಡು ಬಾರಿ ಬಂದರೂ ಒಮ್ಮೆಯೇ ಲೆಕ್ಕಕ್ಕೆ ಬರುತ್ತದೆ. ಅಳಿಸಿದ ಸಾಲುಗಳನ್ನು ತೆಗೆಯದೆ ‘ಅಳಿಸಲಾಗಿದೆ’ ಎಂಬ ಗುರುತಿನೊಂದಿಗೆ ಉಳಿಸಿದ್ದೇವೆ.

ತೇವಾಂಶವನ್ನು ಮಾತ್ರ ಯಂತ್ರದ ತೀರ್ಮಾನಕ್ಕೆ ಬಿಟ್ಟಿಲ್ಲ. ಸರ್ಕಾರಿ ಖರೀದಿಯ ಮಿತಿ ಶೇ. 17 ಆಗಿರುವಾಗ, 16.5 ಸರಿಯೋ 17.5 ಸರಿಯೋ ಎಂಬುದನ್ನು ಗುಮಾಸ್ತರೇ ಎರಡನ್ನೂ ಪರದೆಯ ಮೇಲೆ ನೋಡಿ, ಬೇಕಾದರೆ ಮತ್ತೊಮ್ಮೆ ಅಳೆದು ನಿರ್ಧರಿಸುತ್ತಾರೆ. ಸಿಆರ್‌ಡಿಟಿ (ಬೇರೆ ಬೇರೆ ಕಡೆ ಆದ ತಿದ್ದುಪಡಿಗಳನ್ನು ತಾನಾಗಿಯೇ ಒಂದುಗೂಡಿಸುವ ದತ್ತಾಂಶ ರಚನೆ) ಬಳಸಿ ಎಂದು ಕೆಲವರು ಸೂಚಿಸಿದ್ದಿರಿ. ನಾಲ್ಕು ಫೋನುಗಳ ನಮ್ಮ ಕೆಲಸಕ್ಕೆ ಅದು ಭಾರವೆನಿಸಿತು.