ರಫ್ತಿಗೆ ಸರ್ಕಾರದ ನೆರವು: ಯಾವುದನ್ನು ದರದಲ್ಲಿ ಲೆಕ್ಕಕ್ಕೆ ಹಿಡಿಯಬಹುದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪಂಪುಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. ವಿದೇಶದ ಖರೀದಿದಾರರೊಬ್ಬರು ಮೂರು ವರ್ಷಗಳ ಒಪ್ಪಂದಕ್ಕೆ ದರ ಕೇಳಿದ್ದಾರೆ. ಸುಂಕದ ಮರುಪಾವತಿ, ರಫ್ತು ಪ್ರೋತ್ಸಾಹಧನ, ಕಡಿಮೆ ಬಡ್ಡಿಯ ಸಾಲ, ವಿಮೆ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ದರ ಇಳಿಸಬೇಕೆಂದು ನಮ್ಮ ಏಜೆಂಟರು ಹೇಳುತ್ತಾರೆ. ಸರ್ಕಾರದ ಹಣವನ್ನು ನಂಬಿ ದರ ಕೊಡಬೇಡಿ ಎಂದು ಲೆಕ್ಕಪರಿಶೋಧಕರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ (ರಫ್ತು ಹಣಕಾಸು ಸಲಹೆಗಾರ): ನಮಸ್ಕಾರ. ನನ್ನ ಒಲವು ಲೆಕ್ಕಪರಿಶೋಧಕರ ಕಡೆಗೇ ಇದೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಸರ್ಕಾರದ ನೆರವೆಲ್ಲ ಒಂದೇ ಬಗೆಯದಲ್ಲ. ಪ್ರತಿಯೊಂದು ಯೋಜನೆಯನ್ನೂ ಎದುರಿಗಿಟ್ಟುಕೊಂಡು, ಇದು ನಾನು ಕಟ್ಟಿದ ಯಾವ ತೆರಿಗೆಯನ್ನು ಮರಳಿಸುತ್ತಿದೆ, ಅಥವಾ ರಫ್ತು ಮಾಡಿದ್ದಕ್ಕೇ ಕೊಡುವ ಬಹುಮಾನವೇ ಎಂದು ಕೇಳಿಕೊಳ್ಳಿ. ಮೊದಲನೆಯದನ್ನು ದರದಲ್ಲಿ ಹಿಡಿಯಬಹುದು. ಎರಡನೆಯದು ಬಂದರೆ ಲಾಭವೆಂದು ತಿಳಿಯಿರಿ, ಅದರ ಮೇಲೆ ಮೂರು ವರ್ಷದ ದರ ಕಟ್ಟಬೇಡಿ.

ಈ ವ್ಯತ್ಯಾಸ 1995ರಲ್ಲಿ ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ ಸಬ್ಸಿಡಿ ಒಪ್ಪಂದದಲ್ಲೇ ಇದೆ. ಅದರ 3ನೆಯ ವಿಧಿಯು ರಫ್ತು ಮಾಡಬೇಕೆಂಬ ಷರತ್ತಿನ ಮೇಲೆ ಕೊಡುವ ಸಬ್ಸಿಡಿಯನ್ನೂ, ಆಮದು ವಸ್ತುವಿನ ಬದಲು ಸ್ವದೇಶಿ ವಸ್ತುವನ್ನೇ ಬಳಸಬೇಕೆಂಬ ಷರತ್ತಿನ ಸಬ್ಸಿಡಿಯನ್ನೂ ನಿಷೇಧಿಸುತ್ತದೆ. ಆದರೆ ರಫ್ತಾದ ಸರಕಿನ ಮೇಲಿನ ಸುಂಕ ಮತ್ತು ಪರೋಕ್ಷ ತೆರಿಗೆಗಳನ್ನು, ತಗುಲಿದ ಮೊತ್ತವನ್ನು ಮೀರದಂತೆ, ಮನ್ನಾ ಮಾಡಿದರೆ ಅಥವಾ ಮರಳಿಸಿದರೆ ಅದು ಸಬ್ಸಿಡಿಯೇ ಅಲ್ಲ ಎಂದು ಅದೇ ಒಪ್ಪಂದ ಹೇಳುತ್ತದೆ.

ನಿಮ್ಮ ಒಂದು ಬಿಡಿಭಾಗದ ಬೆಲೆ 100 ಡಾಲರ್ ಎಂದುಕೊಳ್ಳಿ. ಅದರಲ್ಲಿ 40 ಡಾಲರಿನ ಆಮದು ಉಕ್ಕಿದೆ, ಅದರ ಮೇಲೆ ಶೇ. 10ರಂತೆ 4 ಡಾಲರ್ ಸುಂಕ ಕಟ್ಟಿದ್ದೀರಿ. ಸರ್ಕಾರ 4 ಡಾಲರ್ ಮರಳಿಸಿದರೆ ಯಾರೂ ಆಕ್ಷೇಪಿಸುವಂತಿಲ್ಲ. 7 ಡಾಲರ್ ಕೊಟ್ಟರೆ ಹೆಚ್ಚುವರಿ 3 ಡಾಲರ್ ನಿಷೇಧಿತ ಸಬ್ಸಿಡಿ. ಇದನ್ನು ಸಾಬೀತುಪಡಿಸಲು ಒಂದು ಭಾಗಕ್ಕೆ ಎಷ್ಟು ಉಕ್ಕು ಹೋಯಿತೆಂಬ ದಾಖಲೆ ಬೇಕು. ಕತ್ತರಿಸುವಾಗ ಉದುರುವ ಚೂರನ್ನೂ ಸಹಜ ನಷ್ಟವೆಂದು ಲೆಕ್ಕಕ್ಕೆ ಸೇರಿಸಬಹುದಾದ್ದರಿಂದ ಅದರ ತೂಕವನ್ನೂ ಬರೆದಿಡಿ. ಖರೀದಿದಾರರ ದೇಶ ತನಿಖೆ ನಡೆಸಿ, ಸಬ್ಸಿಡಿಯನ್ನು ಸರಿದೂಗಿಸುವ ಸುಂಕ ಹಾಕಲು ಹೊರಟಾಗ ಇಂಥ ದಾಖಲೆಗಳೇ ಆಧಾರವಾಗುತ್ತವೆ.

ಮರುಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು ಸರ್. ಆದರೆ ಪ್ರೋತ್ಸಾಹಧನದ ಯೋಜನೆಯನ್ನು ಸರ್ಕಾರವೇ ಅಧಿಸೂಚನೆ ಹೊರಡಿಸಿ ಜಾರಿಗೆ ತಂದಿರುವಾಗ, ಅದು ನಡುವೆಯೇ ನಿಲ್ಲುವ ಭಯ ನಿಜಕ್ಕೂ ಇದೆಯೇ?

ಉತ್ತರ: ಇದೆ. ಭಾರತದ ಉದಾಹರಣೆಯನ್ನೇ ನೋಡಿ. 2015ರ ವಿದೇಶ ವ್ಯಾಪಾರ ನೀತಿಯೊಂದಿಗೆ ಬಂದ ಎಂ.ಇ.ಐ.ಎಸ್. ಎಂಬ ರಫ್ತು ಪ್ರೋತ್ಸಾಹಧನದ ಯೋಜನೆ, ರಫ್ತಿನ ಮೌಲ್ಯದ ಇಂತಿಷ್ಟು ಶೇಕಡಾವನ್ನು, ಸುಂಕ ಕಟ್ಟಲು ಬಳಸಬಹುದಾದ ಸ್ಕ್ರಿಪ್ (ಸರ್ಕಾರಿ ಮೌಲ್ಯಪತ್ರ) ರೂಪದಲ್ಲಿ ಕೊಡುತ್ತಿತ್ತು. ತಲಾ ಆದಾಯ ಸತತ ಮೂರು ವರ್ಷ 1,000 ಡಾಲರ್ (1990ರ ಬೆಲೆಯಲ್ಲಿ) ತಲುಪದ ದೇಶಗಳಿಗೆ ರಫ್ತು ಸಬ್ಸಿಡಿ ನಿಷೇಧದಿಂದ ವಿನಾಯಿತಿ ಇದ್ದು, ಭಾರತ ಆ ಗೆರೆಯನ್ನು ದಾಟಿದೆ ಎಂದು ಅಮೆರಿಕ 2018ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿತು. 2019ರ ಅಕ್ಟೋಬರ್ 31ರಂದು ಬಂದ, ದೂರನ್ನು ವಿಚಾರಿಸಿದ ಸಮಿತಿಯ ವರದಿ ಬಹುಪಾಲು ಭಾರತಕ್ಕೆ ಪ್ರತಿಕೂಲವಾಗಿತ್ತು. ಭಾರತ ಮೇಲ್ಮನವಿ ಸಲ್ಲಿಸಿತಾದರೂ, ಆ ಡಿಸೆಂಬರಿನಲ್ಲಿ ಮೇಲ್ಮನವಿ ಪೀಠವೇ ಸದಸ್ಯರ ಕೊರತೆಯಿಂದ ಸ್ಥಗಿತಗೊಂಡದ್ದರಿಂದ 2023ರಲ್ಲಿ ಎರಡೂ ದೇಶಗಳು ರಾಜಿಯಾಗುವವರೆಗೆ ಪ್ರಕರಣ ಇತ್ಯರ್ಥವಾಗದೆ ಉಳಿಯಿತು. ಹೀಗಿದ್ದರೂ ಎಂ.ಇ.ಐ.ಎಸ್. 2020ರ ಡಿಸೆಂಬರಿನೊಂದಿಗೆ ಮುಗಿದು, ಬೇರೆಡೆ ಮರಳದ ತೆರಿಗೆಗಳನ್ನು ಮರಳಿಸುವ ರೋಡ್‌ಟೆಪ್ ಯೋಜನೆ 2021ರ ಜನವರಿ 1ರಿಂದ ಜಾರಿಯಾಯಿತು. ಅದರ ದರಗಳು ಪ್ರಕಟವಾದದ್ದು ಆಗಸ್ಟಿನಲ್ಲಿ. ಜನವರಿಯಲ್ಲಿ ಸರಕು ಕಳುಹಿಸಿದವರಿಗೆ ತಮಗೆ ಎಷ್ಟು ಬರುತ್ತದೆಂದು ತಿಳಿಯಲು ಅಷ್ಟು ತಿಂಗಳು ಬೇಕಾಯಿತು. ಮೂರು ವರ್ಷದ ದರವನ್ನು ಹಳೆಯ ಶೇಕಡಾವಾರಿನ ಮೇಲೆ ಒಪ್ಪಿಕೊಂಡಿದ್ದವರ ಪರಿಸ್ಥಿತಿಯನ್ನು ನೀವೇ ಊಹಿಸಬಹುದು.

ದೊಡ್ಡ ದೇಶಗಳೂ ಇದಕ್ಕೆ ಹೊರತಲ್ಲ. ರಫ್ತಿನ ಲಾಭಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುವ ವ್ಯವಸ್ಥೆಯನ್ನು ಅಮೆರಿಕ 1971ರಲ್ಲಿ ತಂದು, 1984ರಲ್ಲಿ ಹೆಸರು ಬದಲಿಸಿ, 2000ದಲ್ಲಿ ಮತ್ತೊಮ್ಮೆ ರೂಪ ಬದಲಿಸಿತು. ಆದರೆ ಪರೋಕ್ಷ ತೆರಿಗೆಯ ಮರುಪಾವತಿಗಿರುವ ರಕ್ಷಣೆ ಆದಾಯ ತೆರಿಗೆಯಂಥ ನೇರ ತೆರಿಗೆಗಿಲ್ಲ. ಕೊನೆಗೆ 2002ರಲ್ಲಿ ದೂರು ಹೂಡಿದ್ದ ಯುರೋಪಿನ ಒಕ್ಕೂಟಕ್ಕೆ ಅಮೆರಿಕದ ಸರಕಿನ ಮೇಲೆ 400 ಕೋಟಿ ಡಾಲರಿಗೂ ಮಿಕ್ಕ ಪ್ರತಿಕ್ರಮಕ್ಕೆ (ಹೆಚ್ಚುವರಿ ಸುಂಕಕ್ಕೆ) ಅನುಮತಿ ಸಿಕ್ಕಿ, 2004ರಲ್ಲಿ ಅಮೆರಿಕದ ಸಂಸತ್ತು ಆ ಕಾನೂನನ್ನು ರದ್ದುಪಡಿಸಿತು.

ಇನ್ನೊಬ್ಬ ಸದಸ್ಯೆ (ಅರ್ಥಶಾಸ್ತ್ರದ ವಿದ್ಯಾರ್ಥಿನಿ): ಸರ್, ಹಾಗಾದರೆ ಸರ್ಕಾರವೊಂದು ರಫ್ತನ್ನು ಬೆಳೆಸಲು ಮಾಡಬಹುದಾದದ್ದೇನು? ಆಮದು ಸುಂಕ ಹೆಚ್ಚಿಸಿ ಸ್ವದೇಶಿ ಉದ್ಯಮವನ್ನು ಕಾಪಾಡಿದರೆ ರಫ್ತೂ ಬೆಳೆಯುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ, ಮೇಡಂ. ನನ್ನ ಅಭಿಪ್ರಾಯದಲ್ಲಿ ರಫ್ತು ನೀತಿ ಆರಂಭವಾಗಬೇಕಾದದ್ದು ಆಮದು ಸುಂಕದ ಪಟ್ಟಿಯಿಂದಲೇ. ಆಮದಿನ ಮೇಲೆ ಎಲ್ಲೆಡೆ ಹಾಕುವ ತೆರಿಗೆ ಕೊನೆಗೆ ರಫ್ತಿನ ಮೇಲೆ ಹಾಕಿದ ತೆರಿಗೆಯಂತೆಯೇ ವರ್ತಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್ 1936ರಲ್ಲೇ ತೋರಿಸಿದ್ದಾರೆ. ಉಕ್ಕಿಗೆ ಸುಂಕ ಹಾಕಿದರೆ ಉಕ್ಕು ತಯಾರಕರಿಗೆ ರಕ್ಷಣೆ ಸಿಗುತ್ತದೆ, ಮೊದಲ ಪ್ರಶ್ನೆ ಕೇಳಿದವರಂಥ ಪಂಪಿನ ಬಿಡಿಭಾಗದವರಿಗೆ ಕಚ್ಚಾವಸ್ತು ತುಟ್ಟಿಯಾಗುತ್ತದೆ. ಹೀಗೆ ಒಂದು ಕೈಯಲ್ಲಿ ವಸೂಲಿ ಮಾಡಿದ್ದನ್ನು ಇನ್ನೊಂದು ಕೈಯಲ್ಲಿ ಮರಳಿಸುವುದಕ್ಕೆ ಒಂದು ಇಲಾಖೆ, ಅರ್ಜಿ, ಕಾಯುವಿಕೆ. ಆ ಕಾಯುವಿಕೆಯ ಬಡ್ಡಿಯನ್ನು ತುಂಬುವವನು ರಫ್ತುದಾರ. ಸ್ವದೇಶಿ ಉಕ್ಕನ್ನೇ ಕೊಂಡವನಿಗೆ ಏರಿದ ಬೆಲೆಯ ಹೊರೆ ಮಾತ್ರ ಉಳಿಯುತ್ತದೆ. ಅವನು ಸುಂಕವನ್ನೇ ಕಟ್ಟಿಲ್ಲವಾದ್ದರಿಂದ ಮರುಪಾವತಿಗೆ ಅವನಲ್ಲಿ ರಸೀದಿ ಇರುವುದಿಲ್ಲ.

ಸರ್ಕಾರ ನಿಜಕ್ಕೂ ಉಪಯುಕ್ತವಾಗುವುದು ಖಾಸಗಿ ಬ್ಯಾಂಕು ಮತ್ತು ವಿಮಾ ಕಂಪನಿಗಳು ಹೊರಲು ಒಪ್ಪದ ಅಪಾಯವನ್ನು ತಾನು ಹೊತ್ತಾಗ. ಬ್ರಿಟನ್ 1919ರಲ್ಲೇ ರಫ್ತು ಸಾಲ ಖಾತರಿಯ ಇಲಾಖೆಯನ್ನು ತೆರೆಯಿತು. ರಫ್ತಿಗೆ ಸಾಲ ಮತ್ತು ಖಾತರಿ ಕೊಡುವ ಅಮೆರಿಕದ ಎಕ್ಸಿಮ್ ಬ್ಯಾಂಕ್ 1934ರದು, ರಫ್ತು ಸಾಲಕ್ಕೆ ವಿಮೆ ಕೊಡುವ ಭಾರತದ ಸರ್ಕಾರಿ ಸಂಸ್ಥೆ ಇ.ಸಿ.ಜಿ.ಸಿ. 1957ರದು. ಇದಕ್ಕೂ ಮಿತಿಯುಂಟು: ದೀರ್ಘಾವಧಿಯಲ್ಲಿ ವೆಚ್ಚ ಮತ್ತು ನಷ್ಟವನ್ನು ತುಂಬಲು ಸಾಲದಷ್ಟು ಕಡಿಮೆ ಪ್ರೀಮಿಯಂ ವಿಧಿಸಿದರೆ ಆ ಖಾತರಿಯೂ ನಿಷೇಧಿತ ಸಬ್ಸಿಡಿಯ ಪಟ್ಟಿಗೆ ಸೇರುತ್ತದೆ. ವಿಮಾನ ಮಾರಾಟಕ್ಕೆ ಕೊಟ್ಟ ಅಗ್ಗದ ಸಾಲದ ವಿಷಯದಲ್ಲಿ ಬ್ರೆಜಿಲ್ ಮತ್ತು ಕೆನಡಾ ಪರಸ್ಪರ ದೂರು ಹೂಡಿ, 1999ರಲ್ಲಿ ಇಬ್ಬರೂ ತಪ್ಪಿತಸ್ಥರೆನಿಸಿಕೊಂಡವು.

ಮರುಪ್ರಶ್ನೆ (ಮೊದಲ ಸದಸ್ಯರು): ಹಾಗಾದರೆ ವಿಮೆಯ ಪ್ರೀಮಿಯಂ ಅನ್ನು ನಾನು ದರದಲ್ಲಿ ಸೇರಿಸಿಕೊಳ್ಳಲೇ, ಸರ್? ಖರೀದಿದಾರರು 90 ದಿನಗಳ ಉದ್ದರಿ ಕೇಳುತ್ತಿದ್ದಾರೆ.

ಉತ್ತರ: ಖಂಡಿತ ಸೇರಿಸಿ, ಉದ್ದರಿಯ ಬಡ್ಡಿಯನ್ನೂ ಸೇರಿಸಿ. ಆದರೆ ಸಾಮಾನ್ಯವಾಗಿ ವಿಮೆ ಪೂರ್ತಿ ಹಣಕ್ಕೆ ಇರುವುದಿಲ್ಲ, ಒಂದು ಪಾಲು ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಪ್ರತಿ ಖರೀದಿದಾರನಿಗೂ ವಿಮಾ ಸಂಸ್ಥೆ ಒಂದು ಮಿತಿ ನಿಗದಿಪಡಿಸುತ್ತದೆ. ಆ ಮಿತಿ ಮಂಜೂರಾಗುವ ಮೊದಲು ಸರಕು ಹಡಗಿಗೇರಿಸಬೇಡಿ. ಹಣ ತಡವಾದ ಕೂಡಲೇ ಗಡುವಿನೊಳಗೆ ಲಿಖಿತವಾಗಿ ತಿಳಿಸಿ. ಖರೀದಿದಾರ ದಿವಾಳಿಯಾದರೆ, ಅಥವಾ ಅವನ ದೇಶ ವಿದೇಶಿ ವಿನಿಮಯವನ್ನು ತಡೆದರೆ ಪರಿಹಾರ ಸಿಗುತ್ತದೆ. ಸರಕಿನ ಅಳತೆ ಸರಿಯಿಲ್ಲವೆಂದು ಅವನು ತಕರಾರು ತೆಗೆದರೆ, ಆ ವಿವಾದ ತೀರ್ಮಾನವಾಗುವವರೆಗೆ ವಿಮಾ ಸಂಸ್ಥೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಆದ್ದರಿಂದ ತಪಾಸಣೆ ಯಾರು, ಎಲ್ಲಿ, ಯಾವ ಅಳತೆಯ ಪ್ರಕಾರ ಮಾಡಬೇಕೆಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಜೊತೆಗೆ ತೆರಿಗೆ ಮರುಪಾವತಿಯ ದರ ಬದಲಾದರೆ ಬೆಲೆಯನ್ನು ಮರುಪರಿಶೀಲಿಸುವ ಷರತ್ತನ್ನೂ ಕೇಳಿ ನೋಡಿ. ಮೂರು ವರ್ಷದ ಒಪ್ಪಂದಕ್ಕೆ ಅದು ಹೆಚ್ಚಿನ ಬೇಡಿಕೆಯೇನಲ್ಲ.